ಒಂದು ಚೀಲ, ಏಳು ಲೆಕ್ಕ

ಹದಿನಾರು ವರ್ಷ ನಾನು ಬರೆದದ್ದೆಲ್ಲ
ಗಾಜಿನ ಆಚೆಗೇ ಉಳಿಯಿತು.
ಮಂಡಿಪೇಟೆಯ ಅಂಗಡಿಗಳ ಬಿಲ್ಲು, ಬಾಕಿ, ಜಿಎಸ್‌ಟಿ.
ತಪ್ಪಿದರೆ ಕೆಂಪು ಅಕ್ಷರ,
ತಿದ್ದಿದರೆ ಅದೂ ಇಲ್ಲ.
ಯಾವುದಕ್ಕೂ ವಾಸನೆ ಇರಲಿಲ್ಲ.

ಮೊದಲ ಎಲ್‌ಇಡಿ ಸುಟ್ಟದ್ದು ಶನಿವಾರ ರಾತ್ರಿ
ಕುಕ್ಕರಿನ ಮೂರನೇ ಕೂಗಿಗೆ.
ಅವರೆಕಾಳಿನಷ್ಟು ದೀಪಕ್ಕೆ
ರೆಸಿಸ್ಟರಿನ ಕಾವಲು ಬೇರೆ ಕೇಡು ಅಂತ
ಒಂಬತ್ತು ವೋಲ್ಟಿನ ಬ್ಯಾಟರಿಗೆ ನೇರ ಹಿಡಿದೆ.
ಕೆಂಪು ಕಿತ್ತಳೆಯಾಯಿತು,
ಕಿತ್ತಳೆ
ಟಪ್ ಅಂದಿತು.
ನನ್ನ ಎಡಗೈ ಕಿರುಬೆರಳು ತಾನಾಗಿ ಸರಿದು
ಕಂಟ್ರೋಲ್ ಕೀಲಿ ಹುಡುಕಿತು
ಊಟದ ಮೇಜಿನ ಬರಿಯ ಮರದ ಮೇಲೆ.

ಚೌಕಿಪೇಟೆಯ ಸಂದಿಯಲ್ಲಿ ಗೌಸ್‌ಪೀರ್ ಅಂಗಡಿ:
ಬಾಯಿ ಬಿಟ್ಟ ಟಿವಿ, ಕತ್ತು ಮುರಿದ ಫ್ಯಾನು,
ಹಳೇ ಹಾರ್ಲಿಕ್ಸ್ ಬಾಟಲಿಗಳ ತುಂಬ
ಕಾಲು ಮಡಿಸಿ ಮಲಗಿದ ಬಿಡಿಭಾಗಗಳು.
ಮುನ್ನೂರ ಮೂವತ್ತು ಓಮ್ ಒಂದು ಕೊಡಿ ಅಂದೆ.
'ಒಂದು ಒಯ್ದೋರು ನಾಳೆ ಮತ್ತೆ ಬರ್ತಾರೆ,
ಹತ್ತು ಒಯ್ರಿ, ಮೇಡಂ' ಅಂತ ಅಂಗೈಗೆ ಸುರಿದ.
ಆಮೇಲೆ ಒಂದನ್ನು ಬಿಸಿಲಿಗೆ ಹಿಡಿದು, ದನಿ ತಗ್ಗಿಸಿ:
'ಕಿತ್ತಳೆ, ಕಿತ್ತಳೆ, ಮೂರನೇ ಪಟ್ಟಿ
ಕಂದೋ ಕೆಂಪೋ ಒಮ್ಮೆ ನೋಡ್ರಿ.
ಈ ಕಣ್ಣಿಗೆ ಈಗ ಎರಡೂ ಒಂದೇ.'
ಕಂದು, ಅಂದೆ.
ಅಂದಿನಿಂದ ವಾರಕ್ಕೊಂದು ಸಂಜೆ
ಅವನ ಬಾಟಲಿಗಳ ಬಣ್ಣ ನಾನು ಓದುತ್ತೇನೆ,
ನನ್ನ ಬೆಸುಗೆಯನ್ನು ಅವನು
ಉಗುರಿನಿಂದ ಮೀಟಿ ನೋಡುತ್ತಾನೆ.
'ಇದು ಅಂಟಿಲ್ಲ, ಬರೇ ಮೇಲೆ ಕೂತಿದೆ.
ನೆಂಟರ ಹಂಗೆ.'

ಅವನ ಅಕ್ಕ ಜೈಬುನ್ನಿಬಿಯದು ಮಂಡಕ್ಕಿ ಭಟ್ಟಿ.
ದಿನಕ್ಕೆ ಎಷ್ಟು ಚೀಲ ಹೊರಗೆ ಹೋದವು
ಅಂತ ಗೋಡೆಗೆ ಇದ್ದಿಲಿನ ಗೆರೆ,
ಸಂಜೆ ಯಾರದೋ ಬೆನ್ನು ಒರಗಿ
ಅರ್ಧ ಲೆಕ್ಕ ಅಂಗಿಗೆ.
ಇದು ನನಗೆ ಬಿಡಿ ಅಂದೆ,
ಸೊಕ್ಕಿನಿಂದಲೇ ಅಂದೆ.
ಬಾಗಿಲಲ್ಲಿ ಹಲಗೆ, ಹಲಗೆಯಡಿ ಸ್ವಿಚ್ಚು,
ಚೀಲ ಇಳಿದರೆ ಕ್ಲಿಕ್,
ಕ್ಲಿಕ್ ಆದರೆ ಒಂದು ಕೂಡಿಸು.
ಮೂರು ಸಾಲಿನ ಕೆಲಸ.

ಮೊದಲ ಚೀಲ ಇಳಿಯಿತು.
ಏಳು, ಅಂದಿತು ಯಂತ್ರ.
ಎರಡನೆಯದು. ಹನ್ನೆರಡು.
'ಭಾಳ ಬರಕತ್ತಿನ ಮಿಷನ್ ತಂದೀರಿ'
ಅಂದಳು ಜೈಬುನ್ನಿಬಿ, ಜರಡಿ ಬಿಡದೆ.

ರಾತ್ರಿಯಿಡೀ ನನ್ನ ಮೂರು ಸಾಲನ್ನೇ ಬೈದೆ.
ಅವುಗಳ ತಪ್ಪಿರಲಿಲ್ಲ.
'ಲೋಹ ಲೋಹಕ್ಕೆ ಬಡಿದ್ರೆ ಒಮ್ಮೆಗೇ ಕೂರಲ್ಲ, ಮೇಡಂ,
ಕುಣಿದು ಕೂರ್ತದೆ.
ಬಾಂಡ್ಲಿ ಮರಳಿಗೆ ಬಿದ್ದ ಅಕ್ಕಿ ನೋಡಿಲ್ವಾ?'
ಸೊನ್ನೆಗೂ ಒಂದಕ್ಕೂ ನಡುವೆ
ಇಷ್ಟೊಂದು ಜನ ವಾಸವಿದ್ದಾರೆಂದು
ಹದಿನಾರು ವರ್ಷ ಯಾರೂ ಹೇಳಿರಲಿಲ್ಲ.

ಇಪ್ಪತ್ತು ಮಿಲಿಸೆಕೆಂಡು ಸುಮ್ಮನಿರು,
ಆಮೇಲೆ ಮತ್ತೊಮ್ಮೆ ನೋಡಿ ನಂಬು,
ಅಂತ ಬರೆದೆ.
ಬೇಗ ಮಾಡು, ಬೇಗ ಮಾಡು ಅಂತಲೇ
ಯಂತ್ರಗಳಿಗೆ ಹೇಳಿ ಬಂದ ಕೈ
ನಿಲ್ಲು ಅನ್ನಲು ಎರಡು ದಿನ ತಗೊಂಡಿತು.

ಬುಧವಾರ ಸಂಜೆ ಹಸಿರು ಅಂಕಿ: ನಲವತ್ತೊಂದು.
ಲಾರಿಯಲ್ಲಿ ನಲವತ್ತು.
ಎರಡು ಸಲ ಎಣಿಸಿದೆವು, ಹಮಾಲಿ ಬಸಪ್ಪನೂ ಎಣಿಸಿದ.
ಮೊಮ್ಮಗ ಮೂಲೆಯಲ್ಲಿ
ಮಂಡಕ್ಕಿ ಮುಕ್ಕುತ್ತ ನಿಂತಿದ್ದ,
ಹಲಗೆಯ ಮಸಿ ಎರಡೂ ಪಾದಕ್ಕೆ.
'ಇರಲಿ ಬಿಡ್ರಿ, ಅದೂ ನಮ್ದೇ' ಅಂದಳು ಅವಳು.

ಆ ಒಂದನ್ನು ಕಳೆಯುವ ಸಾಲು
ನಾನಿನ್ನೂ ಬರೆದಿಲ್ಲ.
ಭಾನುವಾರಕ್ಕೆ ಭಟ್ಟಿಯ ಹೊಗೆ ಸ್ವಿಚ್ಚಿನೊಳಗೆ ಹೊಕ್ಕು
ಲೆಕ್ಕವೇ ನಿಂತಿತ್ತು.
ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಹೊರಟೆ.